ಗ್ರಾಮಾಂತರವೆಂಬ ನಾಡು

1986ನೆಯ ಇಸವಿಯ ಆಗಸ್ಟ್ ತಿಂಗಳು. ನಾನಾಗ ದೊಡ್ಡಬಳ್ಳಾಪುರದ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕನಾಗಿ ಸೇರಿ ವರ್ಷ ತುಂಬಿತ್ತಷ್ಟೆ. ಅಂದು ತರಗತಿಯಲ್ಲಿ ಸಮಾಸ ಪ್ರಕರಣದ ಪಾಠ. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಹುಡುಗನೊಬ್ಬ ಎದ್ದು ನಿಂತು, ‘ಸಾರ್, ಗ್ರಾಮಾಂತರ ಅನ್ನೋದು ಯಾವ ಸಮಾಸ?’ ಎಂದು ಕೇಳಿದ. ಆ ದಿನಗಳಲ್ಲಿ ಆ ಪದ ಎಲ್ಲರ ಬಾಯಲ್ಲಿತ್ತು. ಸ್ವಾತಂತ್ರ್ಯ ದಿನದಂದು ಹಳೆಯ ಬೆಂಗಳೂರು ಜಿಲ್ಲೆ ಎರಡಾಗಿ, ನಮ್ಮ ಊರು ‘ಬೆಂಗಳೂರು ಗ್ರಾಮಾಂತರ ಜಿಲ್ಲೆ’ಗೆ ಸೇರಿಹೋಗಿತ್ತು. ನಾನು ಹೊಸ ಅಧ್ಯಾಪಕನ ಉತ್ಸಾಹದಿಂದ ವಿಗ್ರಹವಾಕ್ಯ ಹೇಳಿದೆ: ಅನ್ಯೋ ಗ್ರಾಮಃ, ಗ್ರಾಮಾಂತರಂ. ದೇಶಾಂತರವೆಂದರೆ ಬೇರೆಯ ದೇಶ, ಜನ್ಮಾಂತರವೆಂದರೆ ಬೇರೆಯ ಜನ್ಮ, ಹಾಗೆಯೇ ಗ್ರಾಮಾಂತರವೆಂದರೆ ಬೇರೆಯ ಗ್ರಾಮ. ಹುಡುಗ ಕೂರಲಿಲ್ಲ. ‘ಹಾಗಾದರೆ ನಮ್ಮದು ಬೇರೆ ಊರು ಅಂತಾಯ್ತು. ಯಾವ ಊರಿಗಿಂತ ಬೇರೆ ಸಾರ್?’ ಎಂದ. ತರಗತಿ ನಕ್ಕಿತು. ‘ಬೆಂಗಳೂರಿಗಿಂತ ಕಣಯ್ಯ, ಕೂತುಕೋ’ ಎಂದು ಹೇಳಿ ನಾನು ಪಾಠ ಮುಂದುವರಿಸಿದೆ.

ಆ ಉತ್ತರ ಸರಿಯಾಗಿರಲಿಲ್ಲವೆಂದು ನನಗೆ ಆಮೇಲಾಮೇಲೆ ಅನ್ನಿಸುತ್ತ ಬಂತು. ನಾನು ಇತಿಹಾಸ ಬರೆಯುವವನಲ್ಲ; ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಬದುಕಿನ ಬಹುಭಾಗವನ್ನು ಈ ಜಿಲ್ಲೆಯ ಊರುಗಳಲ್ಲಿ ಕಳೆದಿದ್ದೇನೆ. ಅಂದು ಹುಡುಗನಿಗೆ ಹೇಳಬೇಕಾಗಿದ್ದ ಮಾತುಗಳನ್ನು ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಮೊದಲು ಆಡಳಿತದ ಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. 1986ರ ಆಗಸ್ಟ್ 15ರವರೆಗೆ ಬೆಂಗಳೂರು ಜಿಲ್ಲೆ ಒಂದೇ ಆಗಿತ್ತು. ಅಂದು ಬೆಂಗಳೂರು ಉತ್ತರ, ಬೆಂಗಳೂರು ದಕ್ಷಿಣ ಮತ್ತು ಆನೇಕಲ್ ತಾಲ್ಲೂಕುಗಳು ನಗರ ಜಿಲ್ಲೆಯಾದವು. ಉಳಿದ ಎಂಟು ತಾಲ್ಲೂಕುಗಳು, ಅಂದರೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ, ಗ್ರಾಮಾಂತರವಾದವು. ಹತ್ತೊಂಬತ್ತು ಜಿಲ್ಲೆಗಳಿದ್ದ ಕರ್ನಾಟಕಕ್ಕೆ ಇದು ಇಪ್ಪತ್ತನೆಯದು. 2007ರಲ್ಲಿ ಕೊನೆಯ ನಾಲ್ಕು ತಾಲ್ಲೂಕುಗಳು ಬೇರೆಯಾಗಿ ರಾಮನಗರ ಜಿಲ್ಲೆಯಾಯಿತು. ಗ್ರಾಮಾಂತರಕ್ಕೆ ಉಳಿದದ್ದು ಮೊದಲಿನ ನಾಲ್ಕು. 2011ರ ಜನಗಣತಿಯಲ್ಲಿ ಈ ನಾಲ್ಕು ತಾಲ್ಲೂಕುಗಳ ಜನಸಂಖ್ಯೆ 9,90,923. ಪಕ್ಕದ ನಗರ ಜಿಲ್ಲೆಯದು 96,21,551. ಒಬ್ಬ ಗ್ರಾಮಾಂತರದವನಿಗೆ ಹತ್ತಿರ ಹತ್ತಿರ ಹತ್ತು ಮಂದಿ ನಗರದವರು.

ಈ ಜಿಲ್ಲೆಯ ಒಂದು ವಿಚಿತ್ರವನ್ನು ಹೇಳಬೇಕು. ಮೂರು ದಶಕಗಳಷ್ಟು ಕಾಲ ಅದರ ಜಿಲ್ಲಾಧಿಕಾರಿಗಳ ಕಚೇರಿ ಜಿಲ್ಲೆಯೊಳಗೆ ಇರಲೇ ಇಲ್ಲ. ಬೆಂಗಳೂರು ನಗರದ ನಡುಮಧ್ಯದ ಬಹುಮಹಡಿ ಕಟ್ಟಡವೊಂದರಲ್ಲಿತ್ತು. ಹೊಸಕೋಟೆಯ ರೈತನಾಗಲಿ ನೆಲಮಂಗಲದ ವಿಧವೆಯಾಗಲಿ ತಮ್ಮ ಜಿಲ್ಲೆಯ ಕೆಲಸಕ್ಕಾಗಿ ಇನ್ನೊಂದು ಜಿಲ್ಲೆಗೆ ಬಸ್ಸು ಹತ್ತಬೇಕಾಗಿತ್ತು. ಹೊಸಕೋಟೆಯಿಂದ ನೆಲಮಂಗಲಕ್ಕೆ ಹೋಗುವವರಂತೂ ಇಂದಿಗೂ ಸಾಮಾನ್ಯವಾಗಿ ನಗರವನ್ನು ಹಾದೇ ಹೋಗುತ್ತಾರೆ. ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದ ಬಳಿ ಜಿಲ್ಲಾಡಳಿತ ಭವನ ಎದ್ದದ್ದು ಈಚಿನ ವರ್ಷಗಳಲ್ಲಿ. ಮನೆಯ ಯಜಮಾನನೇ ನೆರೆಮನೆಯ ಜಗಲಿಯ ಮೇಲೆ ಕುಳಿತು ಮೂವತ್ತು ವರ್ಷ ಸಂಸಾರ ನಡೆಸಿದ ಹಾಗಾಯಿತು ಇದು. ಯಾವ ಅಧಿಕಾರಿಯ ತಪ್ಪೆಂದೂ ನಾನು ಇದನ್ನು ಹೇಳುತ್ತಿಲ್ಲ. ಒಂದು ನಾಡನ್ನು ನಾವು ಹೇಗೆ ಭಾವಿಸಿದ್ದೆವು ಎಂಬುದಕ್ಕೆ ಇದು ಸಾಕ್ಷಿ. ನಗರವನ್ನು ಕತ್ತರಿಸಿ ತೆಗೆದುಕೊಂಡ ಮೇಲೆ ಉಳಿದ ಅಂಚಿನ ಬಟ್ಟೆ, ಅದೇ ಗ್ರಾಮಾಂತರ ಎಂಬ ಭಾವನೆ.

ಈ ಭಾವನೆ ಎಷ್ಟು ಸರಿ? ಶಾಸನಗಳನ್ನು ಕೇಳೋಣ.

ಬಿ.ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದು, ಪ್ರಕಟವಾದದ್ದು 1905ರಲ್ಲಿ. ಅದರಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದ್ದಾರೆ. ಅಲ್ಲಿ ಬೆಂಗಳೂರು ಕೂಡ ಒಂದು ತಾಲ್ಲೂಕು ಅಷ್ಟೆ; ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಜೊತೆಯಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿದೆ. ಆ ಪಂಕ್ತಿಯಲ್ಲಿ ಹಿರಿಯರು ಯಾರು ಎಂದು ನೋಡಿದರೆ ನಮಗೆ ಆಶ್ಚರ್ಯವಾಗುತ್ತದೆ.

ನೆಲಮಂಗಲ ತಾಲ್ಲೂಕಿನಲ್ಲಿ ಮಣ್ಣೆ ಎಂಬ ಒಂದು ಹಳ್ಳಿಯಿದೆ. ಶಾಸನಗಳಲ್ಲಿ ಇದು ಮಾನ್ಯಪುರ. ಎಂಟನೆಯ ಶತಮಾನದಲ್ಲಿ ಗಂಗರ ಅರಸು ಶ್ರೀಪುರುಷನ ರಾಜನಿವಾಸ ಇಲ್ಲಿತ್ತು. ಕೋಲಾರ, ತಲಕಾಡುಗಳ ಹೆಸರು ನಮಗೆಲ್ಲ ಗೊತ್ತು. ಅವುಗಳ ಸಾಲಿನಲ್ಲಿ ನಿಲ್ಲಬೇಕಾದ ಈ ಊರಿನ ಹೆಸರನ್ನು ನಮ್ಮ ಪದವೀಧರರಲ್ಲಿ ಎಷ್ಟು ಮಂದಿ ಕೇಳಿದ್ದಾರೋ ಕಾಣೆ. ಮಣ್ಣೆಯಲ್ಲಿ ದೊರೆತ 797ರ ತಾಮ್ರಶಾಸನ ಶ್ರೀವಿಜಯನೆಂಬ ಸೇನಾನಿ ಕಟ್ಟಿಸಿದ ಜಿನಾಲಯವೊಂದನ್ನು ಸ್ಮರಿಸುತ್ತದೆ. ಹೆಸರು ಕೇಳಿದೊಡನೆ ಸಾಹಿತ್ಯದ ವಿದ್ಯಾರ್ಥಿಗಳ ಕಿವಿ ನಿಮಿರಬಹುದು. ಆದರೆ ಈತ ಕವಿರಾಜಮಾರ್ಗದ ಶ್ರೀವಿಜಯನಲ್ಲ, ಅವನಿಗಿಂತ ಅರ್ಧ ಶತಮಾನ ಹಿಂದಿನವನು. ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ಮಣ್ಣೆಗೆ ಹೋದಾಗ ಅಲ್ಲಿನ ಕಪಿಲೇಶ್ವರ ದೇಗುಲ ಅರ್ಧ ಕುಸಿದು ನಿಂತಿತ್ತು. ಬಾಗಿಲವಾಡದ ಕೆತ್ತನೆ ಮಾತ್ರ ನಿನ್ನೆ ಮೊನ್ನೆ ಉಳಿ ಕೆಳಗಿಟ್ಟ ಹಾಗೆ ಸ್ಪಷ್ಟವಾಗಿತ್ತು. ಪಕ್ಕದ ಹೊಲದಲ್ಲಿ ರಾಗಿ ತೆನೆ ಬಿಟ್ಟಿತ್ತು.

ಬೆಂಗಳೂರಿನ ಹೆಸರು ಶಾಸನದಲ್ಲಿ ಕಾಣಿಸಿಕೊಳ್ಳುವುದು ಇದಾದ ಸುಮಾರು ನೂರು ವರ್ಷಗಳ ಮೇಲೆ. ಬೇಗೂರಿನ ವೀರಗಲ್ಲು, ಕ್ರಿ.ಶ. 890ರ ಸುಮಾರಿನದು, ‘ಬೆಂಗುಳೂರ ಕಾಳಗ’ವನ್ನು ಹೆಸರಿಸುತ್ತದೆ, ಆ ಕಾಳಗದಲ್ಲಿ ನಾಗತರನ ಮನೆಯ ಬುಟ್ಟಣಸೆಟ್ಟಿ ಸತ್ತನೆಂದು ಹೇಳುತ್ತದೆ. ಅಂದರೆ ಮಣ್ಣೆಯಲ್ಲಿ ಅರಸರು ಓಲಗ ಕೊಟ್ಟು ದಾನಶಾಸನ ಬರೆಸಿ ಒಂದು ಶತಮಾನ ಕಳೆದ ಮೇಲೂ ಬೆಂಗಳೂರು ಒಬ್ಬ ವೀರ ಸತ್ತ ಜಗಳದ ಜಾಗ, ಅಷ್ಟೆ. ಇದನ್ನು ಬೆಂಗಳೂರನ್ನು ಹಳಿಯುವುದಕ್ಕಾಗಿ ಹೇಳುತ್ತಿಲ್ಲ. ಯಾವುದು ನಡುವೆ, ಯಾವುದು ಅಂಚು ಎಂಬುದು ಕಾಲ ಕಾಲಕ್ಕೆ ಬದಲಾಗುತ್ತದೆ ಎಂಬುದನ್ನಷ್ಟೆ ನಾವು ನೆನಪಿಡಬೇಕು.

ಹನ್ನೊಂದನೆಯ ಶತಮಾನದ ಆರಂಭದಲ್ಲಿ ಗಂಗರು ಅಳಿದು ಈ ಭಾಗ ಚೋಳರ ಕೈ ಸೇರಿತು. ಅದರ ಗುರುತಾಗಿ ಹೊಸಕೋಟೆ, ದೇವನಹಳ್ಳಿ, ನೆಲಮಂಗಲ ತಾಲ್ಲೂಕುಗಳಲ್ಲಿ ತಮಿಳು ಶಾಸನಗಳು ಉಳಿದಿವೆ. ಒಂದೇ ಊರಿನಲ್ಲಿ ಕನ್ನಡದ ವೀರಗಲ್ಲೂ ತಮಿಳಿನ ದಾನಶಾಸನವೂ ಇರುವುದು ಇಲ್ಲಿ ಅಪರೂಪವಲ್ಲ. ಅನಂತರ ಹೊಯ್ಸಳರು ಬಂದರು. ನೆಲಮಂಗಲದ ಶಿವಗಂಗೆ ಬೆಟ್ಟ ಕನ್ನಡ ಓದುಗರಿಗೆ ಪರಿಚಿತವಾದದ್ದು ಶಾಂತಲೆಯ ಹೆಸರಿನಿಂದ. ವಿಷ್ಣುವರ್ಧನನ ಪಟ್ಟದರಸಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಮಗಳ ಅಗಲಿಕೆಯನ್ನು ತಾಳಲಾರದೆ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಸಲ್ಲೇಖನ ಕೈಗೊಂಡಳು. ಬೆಟ್ಟದ ಮೇಲಿಂದ ರಾಣಿ ಧುಮುಕಿದಳೆಂದು ಜನ ತೋರಿಸುವ ಕೊಡುಗಲ್ಲಿನ ಕಥೆ ಶಾಸನದಲ್ಲಿಲ್ಲ. ಶಾಸನದಲ್ಲಿರುವ ತಾಯಿಯ ದುಃಖವೇ ನನಗೆ ಆ ಕಥೆಗಿಂತ ಹೆಚ್ಚು ಮುಟ್ಟುತ್ತದೆ.

ಇನ್ನು ಈ ಭಾಷಣದ ಮುಖ್ಯ ಘಟ್ಟಕ್ಕೆ ಬರುತ್ತೇನೆ. ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ದಾರಿಯಲ್ಲಿ ಆವತಿ ಎಂಬ ಊರು ಸಿಗುತ್ತದೆ. ಈಗ ವಾಹನಗಳು ಅದನ್ನು ಗಮನಿಸದೆ ದಾಟಿಹೋಗುತ್ತವೆ. ಹದಿನೈದನೆಯ ಶತಮಾನದಲ್ಲಿ ಕಂಚಿಯ ಕಡೆಯಿಂದ ಒಂದು ಮೊರಸು ಒಕ್ಕಲಿಗ ಕುಟುಂಬ ಬಂಡಿಗಳ ಮೇಲೆ ಬಂದು ಇಲ್ಲಿ ಬೀಡು ಬಿಟ್ಟಿತೆಂದು ಐತಿಹ್ಯ. ಮನೆಯ ಮಗಳು ದೊಡ್ಡಮ್ಮನನ್ನು ಬಲಾಢ್ಯನೊಬ್ಬ ಬಯಸಿದನಂತೆ. ಮಾನಕ್ಕಂಜಿದ ಕುಟುಂಬ ರಾತ್ರೋರಾತ್ರಿ ಊರು ಬಿಟ್ಟಿತಂತೆ. ತುಂಬಿ ಹರಿಯುತ್ತಿದ್ದ ಪಾಲಾರ್ ಹೊಳೆಗೆ ಆ ಹುಡುಗಿ ತನ್ನ ಕಿವಿಯೋಲೆಯನ್ನು ಅರ್ಪಿಸಿದಾಗ ಹೊಳೆ ಇಬ್ಭಾಗವಾಗಿ ದಾರಿ ಬಿಟ್ಟಿತಂತೆ. ಕಥೆಯನ್ನು ಕಥೆಯೆಂದೇ ಸ್ವೀಕರಿಸೋಣ. ಆದರೆ ಆವತಿಯಲ್ಲಿ ನೆಲೆಸಿದ ರಣಭೈರೇಗೌಡನ ಮನೆತನದಿಂದ ಕವಲೊಡೆದ ನಾಡಪ್ರಭುಗಳು ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಯಲಹಂಕಗಳಲ್ಲಿ ಆಳಿದರೆಂಬುದು ಈ ಸೀಮೆಯ ಇತಿಹಾಸದ ಬೆನ್ನೆಲುಬು. ಯಲಹಂಕದ ಕವಲಿನಲ್ಲಿ ಹುಟ್ಟಿದ ಕೆಂಪೇಗೌಡನೇ 1537ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದವನು.

ಹೀಗಿರುವಾಗ ಆವತಿಯನ್ನು ಬೆಂಗಳೂರಿನ ಹೊರವಲಯವೆಂದು ಕರೆದರೆ ತಾಯಿಯನ್ನು ಮಗಳ ಮನೆಯ ಹಿತ್ತಿಲಿನವಳೆಂದು ಕರೆದಂತೆ. ಬೆಂಗಳೂರು ಆವತಿಯ ವಂಶದ ಕೂಸು. ಗ್ರಾಮ ಮೊದಲು, ನಗರ ಆಮೇಲೆ ಎಂಬುದು ಎಲ್ಲ ಕಡೆಯೂ ಹೇಳುವ ಸಾಮಾನ್ಯ ಮಾತು. ಇಲ್ಲಿ ಅದು ವಂಶವೃಕ್ಷದಲ್ಲಿ ಬೆರಳಿಟ್ಟು ತೋರಿಸಬಹುದಾದ ಮಾತು.

ದೇವನಹಳ್ಳಿಯ ಹಳೆಯ ಹೆಸರು ದೇವನದೊಡ್ಡಿ. ದೊಡ್ಡಿಯೆಂದರೆ ದನ ಕೂಡುವ ಜಾಗವೆಂದು ನಿಮಗೆ ಹೇಳಬೇಕಾಗಿಲ್ಲ. ಆ ದೊಡ್ಡಿಯಿದ್ದಲ್ಲಿ 1501ರಲ್ಲಿ ಆವತಿ ಮನೆತನದ ಮಲ್ಲಭೈರೇಗೌಡ ಮಣ್ಣಿನ ಕೋಟೆ ಕಟ್ಟಿಸಿದ. 1749ರಲ್ಲಿ ಮೈಸೂರಿನ ದಳವಾಯಿ ನಂಜರಾಜಯ್ಯ ಆ ಕೋಟೆಗೆ ಮುತ್ತಿಗೆ ಹಾಕಿದ. ಹೆಸರಿಲ್ಲದ ಒಬ್ಬ ಸವಾರ ಅಲ್ಲಿ ತೋರಿದ ಸಾಹಸವನ್ನು ಮೆಚ್ಚಿ ದಳವಾಯಿ ಅವನಿಗೆ ಐವತ್ತು ಕುದುರೆ, ಇನ್ನೂರು ಕಾಲಾಳುಗಳ ಅಧಿಕಾರ ಕೊಟ್ಟ. ಆ ಸವಾರನೇ ಹೈದರ್. ಮರುವರ್ಷ ಅದೇ ಊರಿನಲ್ಲಿ ಟಿಪ್ಪು ಹುಟ್ಟಿದ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ ಮೇಲೆ ಕಾರ್ನ್‌ವಾಲಿಸನ ಸೇನೆ ಉತ್ತರಕ್ಕೆ ನಡೆದು ದೇವನಹಳ್ಳಿಯನ್ನು ವಶಪಡಿಸಿಕೊಂಡಿತು. ಹೊಸಕೋಟೆಯ ಹೆಸರೇ ಅದರ ಇತಿಹಾಸ: 1595ರ ಸುಮಾರಿಗೆ ಸುಗಟೂರಿನ ತಮ್ಮೇಗೌಡ ಕಟ್ಟಿಸಿದ ಹೊಸ ಕೋಟೆ. ದೊಡ್ಡಬಳ್ಳಾಪುರಕ್ಕೆ ಹಾಲಿನ ಕಥೆಯಿದೆ. ಹಸುವೊಂದು ದಿನವೂ ಹುತ್ತದ ಮೇಲೆ ಒಂದು ಬಳ್ಳ ಹಾಲು ಕರೆಯುತ್ತಿತ್ತಂತೆ. ಆ ಬಳ್ಳವೇ ಬಳ್ಳಾಪುರವಾಯಿತಂತೆ. ನಿರುಕ್ತಕಾರರು ಒಪ್ಪಲಿ ಬಿಡಲಿ, ದನದ ದೊಡ್ಡಿ, ಹಾಲಿನ ಬಳ್ಳ ಇವುಗಳಿಂದ ತಮ್ಮ ಊರಿನ ಹೆಸರನ್ನು ಬಿಡಿಸಿಕೊಂಡ ಜನ ತಾವು ಯಾರೆಂಬುದನ್ನು ಚೆನ್ನಾಗಿ ಬಲ್ಲವರು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ಕಂಡವರಿಗೆ ಈ ಮಾತಿನ ಅರ್ಥ ಬೇಗ ಹೊಳೆಯುತ್ತದೆ.

ಹೆಸರುಗಳ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಈ ಸೀಮೆಯಲ್ಲಿ ‘ಸಂದ್ರ’ ಎಂದು ಮುಗಿಯುವ ಊರುಗಳು ಹೆಜ್ಜೆ ಹೆಜ್ಜೆಗೂ ಸಿಗುತ್ತವೆ. ಜಿಲ್ಲಾಡಳಿತ ಭವನವಿರುವ ಬೀರಸಂದ್ರವೂ ಅವುಗಳಲ್ಲೊಂದು. ಸಂದ್ರವೆಂಬುದು ಸಮುದ್ರ ಶಬ್ದದ ಸವೆದ ರೂಪ. ಸಮುದ್ರವೆಂದರೆ ಇಲ್ಲಿ ಕೆರೆ. ಕಡಲಿನಿಂದ ನೂರಾರು ಮೈಲಿ ದೂರದ, ವರ್ಷವಿಡೀ ತುಂಬಿ ಹರಿಯುವ ಒಂದೂ ದೊಡ್ಡ ಹೊಳೆಯಿಲ್ಲದ ಬಯಲುಸೀಮೆಯ ಜನ ತಾವು ಕಟ್ಟಿದ ಕೆರೆಗೆ ಸಮುದ್ರವೆಂದು ಹೆಸರಿಟ್ಟರು. ಇದರಲ್ಲಿ ಹೆಮ್ಮೆಯೂ ಇದೆ, ನೀರಿನ ಹಂಬಲವೂ ಇದೆ.

ಆ ನೀರಿನ ಕಥೆಯನ್ನು ಹೇಳದೆ ಈ ಜಿಲ್ಲೆಯ ಇತಿಹಾಸ ಪೂರ್ಣವಾಗದು. ನಂದಿಯ ಬೆಟ್ಟಸಾಲು ಈ ಪ್ರದೇಶದ ನೆತ್ತಿ. ಅಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆಯ ಕಡೆಗೆ ಇಳಿಯುತ್ತದೆ. ಅರ್ಕಾವತಿ ದೊಡ್ಡಬಳ್ಳಾಪುರವನ್ನು ಹಾಯ್ದು ಹೆಸರಘಟ್ಟದ ಕಡೆಗೆ ಹರಿಯುತ್ತದೆ. ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಕೂಡುತ್ತದೆ. ಇವು ಕೆರೆಯಿಂದ ಕೆರೆಗೆ ಕೋಡಿ ಹರಿದು ಹೊಳೆಯಾಗುವ ನದಿಗಳು. ಮೇಲಿನ ಕೆರೆ ತುಂಬಿದರೆ ಕೆಳಗಿನದಕ್ಕೆ ಬಾಳು.

ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಬಂದದ್ದು 1890ರ ದಶಕದಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ. ಊರು ಬೆಳೆದು ಅದು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಸಿದ್ಧವಾಯಿತು. 1974ರಲ್ಲಿ ಕಾವೇರಿ ಬರುವವರೆಗೂ ನಗರದ ಬಾಯಾರಿಕೆಯನ್ನು ತಣಿಸಿದ್ದು ಮುಖ್ಯವಾಗಿ ಈ ನೀರು. ದೊಡ್ಡಬಳ್ಳಾಪುರದ ಹೊಲಗಳ ಮೇಲೆ, ಶಿವಗಂಗೆಯ ಬಂಡೆಗಳ ಮೇಲೆ ಬಿದ್ದ ಮಳೆಯನ್ನೇ ಮಲ್ಲೇಶ್ವರ ಬಸವನಗುಡಿಗಳ ಮನೆಗಳು ಕುಡಿದವು.

ಆಮೇಲೆ ಏನಾಯಿತು? ಕಾಲುವೆಗಳು ಮುಚ್ಚಿದವು, ಕೆರೆಯಂಗಳಗಳು ಒತ್ತುವರಿಯಾದವು. ರಾಗಿ ಬೆಳೆಯುತ್ತಿದ್ದ ಹೊಲಗಳಿಗೆ ನೀಲಗಿರಿ ಬಂತು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಅದು ಪ್ರಗತಿಪರ ಕೃಷಿಯ ಲಕ್ಷಣವೆನ್ನಿಸಿಕೊಂಡಿತ್ತು. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಷ್ಟರೊಳಗೆ ಕೊಳವೆ ಬಾವಿಗಳು ಸಾವಿರ ಅಡಿಯನ್ನೂ ಮೀರಿ ಇಳಿದಿದ್ದವು. ಅರ್ಕಾವತಿ ಮಳೆಗಾಲದಲ್ಲೂ ಹೊಳೆಯಂತೆ ಕಾಣದಾಯಿತು. ತಿಪ್ಪಗೊಂಡನಹಳ್ಳಿಯ ನೀರನ್ನು ನಗರಕ್ಕೆ ಕೊಡುವುದು ಹಲವು ವರ್ಷ ನಿಂತೇಹೋಯಿತು.

ಈಗ ಹರಿವಿನ ದಿಕ್ಕು ತಿರುಗಿದೆ. ಹೆಬ್ಬಾಳ–ನಾಗವಾರ ಕಣಿವೆಯಲ್ಲಿ ಸೇರುವ ನಗರದ ಬಳಕೆಯ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆಯ ಕೆರೆಗಳಿಗೆ ಏರಿಸುತ್ತಿದ್ದಾರೆ. ಒಣಗಿದ್ದ ಕೆರೆಯಲ್ಲಿ ನೀರು ಕಂಡು, ಬತ್ತಿದ್ದ ಬಾವಿಯಲ್ಲಿ ಒರತೆ ಕಂಡು ಸಂತೋಷಪಟ್ಟ ರೈತರನ್ನು ನಾನು ಬಲ್ಲೆ. ಅವರ ಸಂತೋಷ ಸುಳ್ಳಲ್ಲ. ಮೂರನೆಯ ಹಂತದ ಶುದ್ಧೀಕರಣವಾಗಲಿ ಎಂದು ಒತ್ತಾಯಿಸುವವರ ಆತಂಕವೂ ಸುಳ್ಳಲ್ಲ. ಆದರೆ ಇತಿಹಾಸವನ್ನು ಓದುವವನಿಗೆ ಒಂದು ಲೆಕ್ಕ ಕಾಣುತ್ತದೆ. ಒಂದು ಕಾಲಕ್ಕೆ ಇಲ್ಲಿಂದ ತಿಳಿನೀರು ಹೋಯಿತು. ಈಗ ಅಲ್ಲಿಂದ ಬಳಸಿದ ನೀರು ಬರುತ್ತಿದೆ.

ಈ ನೆಲದಿಂದ ನಗರಕ್ಕೆ ಹೋದದ್ದು ನೀರೊಂದೇ ಅಲ್ಲ. ಹಾಲು, ಸೊಪ್ಪು, ತರಕಾರಿ, ಹೂವು ದಿನ ಬೆಳಗಾಗುವ ಮೊದಲೇ ಹೋಗುತ್ತವೆ. ದೇವನಹಳ್ಳಿಯ ಚಕ್ಕೋತ ಹೋಗುತ್ತದೆ. ಕಹಿಯಿಲ್ಲದ ಆ ಸಿಹಿತೊಳೆಯ ಹಣ್ಣಿಗೆ ಇಂದು ಭೌಗೋಳಿಕ ಸೂಚಕದ ಮಾನ್ಯತೆಯಿದೆ, ಆದರೆ ಗಿಡಗಳು ಎಣಿಕೆಗೆ ಸಿಗುವಷ್ಟಾಗಿವೆ. ದೊಡ್ಡಬಳ್ಳಾಪುರದ ಸೀರೆ ಹೋಗುತ್ತದೆ. ಆ ಊರಿನ ಬೀದಿಗಳಲ್ಲಿ ನಡೆದವರಿಗೆ ಗೊತ್ತು, ಮನೆ ಮನೆಯಿಂದಲೂ ವಿದ್ಯುತ್ ಮಗ್ಗದ ಸದ್ದು. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ರಾತ್ರಿ ಪಾಳಿಯಲ್ಲಿ ಮಗ್ಗ ನೋಡಿಕೊಂಡು ಬೆಳಿಗ್ಗೆ ತರಗತಿಗೆ ಬರುತ್ತಿದ್ದರು. ಪಾಠದ ನಡುವೆ ಅವರಲ್ಲೊಬ್ಬ ತೂಕಡಿಸಿದರೆ ಗದರಿಸಲು ನನಗೆ ಮನಸ್ಸು ಬರುತ್ತಿರಲಿಲ್ಲ. ಕರೆಂಟು ಹೋದ ದಿನ ಊರೆಲ್ಲ ಒಮ್ಮೆಲೇ ಮೌನವಾಗುತ್ತಿತ್ತು. ಆ ಮೌನ ಯಾರಿಗೂ ನೆಮ್ಮದಿ ಕೊಡುತ್ತಿರಲಿಲ್ಲ, ಏಕೆಂದರೆ ಲಾಳಿ ನಿಂತರೆ ಅಂದಿನ ಕೂಲಿಯೂ ನಿಂತಿತು.

ಸಾಹಿತ್ಯಾಸಕ್ತರು ಇನ್ನೂ ಒಂದು ಲೆಕ್ಕವನ್ನು ನೆನೆಯಬೇಕು. ದೊಡ್ಡಬಳ್ಳಾಪುರದ ನೇಕಾರ ಮನೆಯೊಂದರಿಂದ ಬಂದವರು ವಿಮರ್ಶಕ ಡಿ.ಆರ್. ನಾಗರಾಜ್. ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದವರು ಕೆ.ಎಸ್. ನಿಸಾರ್ ಅಹಮದ್. ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯಲ್ಲಿ 1899ರಲ್ಲಿ ಹುಟ್ಟಿದವರು ವಿ.ಸೀ. ಮೂವರೂ ಹೆಸರಾದದ್ದು ನಗರದಲ್ಲಿ. ನಾವು ಅವರನ್ನು ಬೆಂಗಳೂರಿನ ಸಾಹಿತಿಗಳೆಂದೇ ಎಣಿಸಿಬಿಡುತ್ತೇವೆ. ಮೂರು ತಲೆಮಾರುಗಳಲ್ಲಿ ಮೂರು ಬಗೆಯ ಪ್ರತಿಭೆಯನ್ನು ಕೊಟ್ಟ ನೆಲ ನೆನಪಿಗೆ ಬರುವುದು ಕಡಿಮೆ.

ಈಗ ಉಳಿದಿರುವುದು ಆ ನೆಲದ ಮಾತೇ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಸುಮಾರು 4,000 ಎಕರೆಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾಯಿತು. 2013ರಲ್ಲಿ ಅದಕ್ಕೆ ಕೆಂಪೇಗೌಡನ ಹೆಸರಿಟ್ಟರು. 2022ರ ನವೆಂಬರಿನಲ್ಲಿ ಅಲ್ಲಿ ಅವನ 108 ಅಡಿಯ ಪ್ರತಿಮೆಯೂ ನಿಂತಿತು. ಆವತಿಯ ವಂಶದವನು ಆವತಿಯ ಸಮೀಪಕ್ಕೇ ಮರಳಿ ಬಂದಂತಾಯಿತೆಂದು ನಾನು ಸಂತೋಷಪಟ್ಟೆ. ಆದರೆ ನಿಲ್ದಾಣ ಬಂದ ಮೇಲೆ ಸುತ್ತಲಿನ ಭೂಮಿಯ ಬೆಲೆ ರಾಗಿ, ಹಿಪ್ಪುನೇರಳೆ, ದ್ರಾಕ್ಷಿಗಳ ಲೆಕ್ಕವನ್ನು ಮೀರಿಹೋಯಿತು. ಮಾರಿದವರಲ್ಲಿ ಕೆಲವರು ಉದ್ಧಾರವಾದರು. ಕೆಲವರು ಬಂದ ಹಣವನ್ನು ಮದುವೆ, ಕಾರು, ಕಟ್ಟಡಗಳಲ್ಲಿ ಕಳೆದು, ತಾವು ಮಾರಿದ ಹೊಲದಲ್ಲೆದ್ದ ಕಟ್ಟಡಕ್ಕೆ ಕಾವಲುಗಾರರಾಗಿ ಸೇರಿದರು. ಎರಡು ಬಗೆಯವರೂ ನನ್ನ ವಿದ್ಯಾರ್ಥಿಗಳಲ್ಲಿದ್ದಾರೆ.

ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳಲು ಸರ್ಕಾರ ಹೊರಟಾಗ 2022ರಲ್ಲಿ ಅಲ್ಲಿನ ರೈತರು ಧರಣಿ ಕುಳಿತರು. ಸರ್ಕಾರ ಬದಲಾಯಿತು, ಧರಣಿ ಬದಲಾಗಲಿಲ್ಲ. ಮೂರು ವರ್ಷಗಳಿಗೂ ಮಿಕ್ಕಿ ನಡೆದ ಆ ಹೋರಾಟದ ಕೊನೆಯಲ್ಲಿ, 2025ರ ಜುಲೈ 15ರಂದು, ಸ್ವಾಧೀನವನ್ನು ಕೈಬಿಡುವುದಾಗಿಯೂ ಸ್ವಇಚ್ಛೆಯಿಂದ ಕೊಡುವವರ ಭೂಮಿಯನ್ನು ಮಾತ್ರ ಪಡೆಯುವುದಾಗಿಯೂ ಮುಖ್ಯಮಂತ್ರಿಗಳು ಪ್ರಕಟಿಸಿದರು. ಕೈಗಾರಿಕೆ ಬೇಡವೆನ್ನುವ ಮೂಢತನ ನನಗಿಲ್ಲ. ನಮ್ಮ ಮಕ್ಕಳಿಗೆ ಉದ್ಯೋಗ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ನಿಜವಾದದ್ದು. ಆದರೆ ಬೆಳೆಯುವ ನೆಲವನ್ನು ಖಾಲಿ ಜಾಗವೆಂದು ಭಾವಿಸುವ ಕಣ್ಣು ಎಲ್ಲಿಂದ ಬಂತು? ನಗರವನ್ನು ಕಳೆದು ಉಳಿದದ್ದು ಗ್ರಾಮಾಂತರ ಎಂಬ ಅದೇ ಲೆಕ್ಕದಿಂದಲೇ ಬಂತೆಂದು ನನ್ನ ಭಾವನೆ. ಉಳಿಕೆ ಎಂದು ಒಮ್ಮೆ ಕರೆದ ಮೇಲೆ ಅದನ್ನು ಬಳಸಿಕೊಳ್ಳುವುದಕ್ಕೆ ಸಂಕೋಚ ಎಲ್ಲಿ?

ಅದೇ ತಿಂಗಳ ಆರಂಭದಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಈ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ತೀರ್ಮಾನಿಸಿತ್ತು. ರಾಮನಗರ ಅದಕ್ಕೂ ಮೊದಲೇ, ಆ ವರ್ಷದ ಮೇ ತಿಂಗಳಲ್ಲಿ, ‘ಬೆಂಗಳೂರು ದಕ್ಷಿಣ’ವಾಗಿತ್ತು. ಬೆಂಗಳೂರಿನ ಹೆಸರಿದ್ದರೆ ಬಂಡವಾಳ ಬರುತ್ತದೆ, ಊರು ಬೆಳೆಯುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಆ ನಂಬಿಕೆ ನಿಜವಾಗಲೂಬಹುದು. ಆದರೆ ವ್ಯಾಕರಣ ಓದಿದವನ ಕಿವಿಗೆ ಒಂದು ವ್ಯತ್ಯಾಸ ಕೇಳಿಸುತ್ತದೆ. ‘ಗ್ರಾಮಾಂತರ’ವೆಂಬ ಪದದಲ್ಲಿ ಎಷ್ಟೇ ಅರೆಮನಸ್ಸಿನಿಂದಾದರೂ ಗ್ರಾಮವಿತ್ತು. ‘ಉತ್ತರ’ದಲ್ಲಿರುವುದು ದಿಕ್ಕು ಮಾತ್ರ, ಅದೂ ಇನ್ನೊಂದು ಊರಿನಲ್ಲಿ ನಿಂತು ನೋಡಿದಾಗ ಕಾಣುವ ದಿಕ್ಕು. ಭಾಷಾಂತರ, ರೂಪಾಂತರ, ಮತಾಂತರಗಳಲ್ಲಿ ಅಂತರವೆಂದರೆ ಒಂದು ಇನ್ನೊಂದಾಗುವುದು. ಆ ಅರ್ಥದಲ್ಲಿ ಗ್ರಾಮಾಂತರವೆಂದರೆ ಗ್ರಾಮವು ಮತ್ತೊಂದಾಗುವುದು ಎಂದೂ ಹೇಳಬಹುದೇನೋ. 1986ರಲ್ಲಿ ನನಗೆ ಹೊಳೆಯದ ಈ ಅರ್ಥ ಇಂದು ಕಣ್ಣಮುಂದೆ ನಡೆಯುತ್ತಿದೆ.

ಅಂದು ಪ್ರಶ್ನೆ ಕೇಳಿದ ಹುಡುಗ ಈಗ ಐವತ್ತು ದಾಟಿದ ಗೃಹಸ್ಥ. ಅವನು ಚನ್ನರಾಯಪಟ್ಟಣ ಹೋಬಳಿಯವನೇ. ಕಳೆದ ಬಾರಿ ಮನೆಗೆ ಬಂದಾಗ ಒಂದು ಬುಟ್ಟಿ ಅವರೆಕಾಯಿ ತಂದಿದ್ದ. ಮಾತಿನ ನಡುವೆ ಜಿಲ್ಲೆಯ ಹೊಸ ಹೆಸರಿನ ವಿಷಯ ಬಂತು. ಹಳೆಯ ಬಾಕಿ ತೀರಿಸುವವನಂತೆ ನಾನು ಮಣ್ಣೆಯಿಂದ ಹಿಡಿದು ಆವತಿಯವರೆಗೆ ಇವೆಲ್ಲವನ್ನೂ ಅವನಿಗೆ ಹೇಳಿದೆ. ‘ನಿಮ್ಮದು ಬೆಂಗಳೂರಿಗಿಂತ ಬೇರೆಯಾದ ಊರಲ್ಲಪ್ಪ, ಬೆಂಗಳೂರೇ ನಿಮ್ಮದಕ್ಕಿಂತ ಬೇರೆಯಾದ ಊರು’ ಎಂದೆ. ಅವನು ಸಮಾಧಾನದಿಂದ ಕೇಳಿಸಿಕೊಂಡ. ಆಮೇಲೆ ಹೇಳಿದ: ‘ನಮ್ಮಪ್ಪನ ಕಾಲದ ಪಹಣಿಯಲ್ಲಿ ಬೆಂಗಳೂರು ಜಿಲ್ಲೆ ಅಂತಿತ್ತು ಸಾರ್. ನನ್ನ ಕಾಲಕ್ಕೆ ಗ್ರಾಮಾಂತರ ಅಂತಾಯ್ತು. ನನ್ನ ಮಗನ ಕಾಲಕ್ಕೆ ಉತ್ತರ ಅಂತ ಬರುತ್ತೆ. ಏನಾದರೂ ಬರಕೊಳ್ಳಲಿ. ಸರ್ವೆ ನಂಬರು ಮಾತ್ರ ಅದೇ ಇದೆ.’

ಅವರೆಕಾಯಿಯ ಸೊಗಡು ಮನೆಯೆಲ್ಲ ತುಂಬಿತ್ತು. ಆ ಸರ್ವೆ ನಂಬರಿನಲ್ಲಿ ಬೆಳೆದದ್ದೇ ಅದು.

(ಬಾನುಲಿ ಭಾಷಣದ ಬರಹರೂಪ)